ಟೇಲರಮ್ಮ ಬಿಟ್ಟು ಹೇಳುತ್ತಿದ್ದ ಮಾತು

ಅಳತೆಗೆ ನಿಲ್ಲಿಸಿದಾಗ ಟೇಲರಮ್ಮ ಮಾತಾಡುವವಳಲ್ಲ. ಆಡುವುದಕ್ಕೆ ಆಗುವುದೂ ಇಲ್ಲ, ತುಟಿಗಳ ನಡುವೆ ನಾಲ್ಕೈದು ಗುಂಡುಪಿನ್ನು ಕಚ್ಚಿಕೊಂಡಿರುತ್ತಾಳೆ. ಮುಂದೆ ನಿಂತವರು ಅವಳ ತಲೆಯ ಮೇಲಿಂದಲೇ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಾರೆ. ಅತ್ತೆ ಸೊಸೆಯರ ಮುನಿಸು, ಗಂಡ ಬಚ್ಚಿಟ್ಟ ಕಾಯಿಲೆ, ಮುರಿದ ಸಂಬಂಧ, ಎಲ್ಲ ಅವಳ ಕಿವಿಗೆ ಬಿದ್ದಿವೆ. ಒಂದೂ ಅಂಗಡಿಯ ಹೊಸ್ತಿಲು ದಾಟಿಲ್ಲ. ಪಿನ್ನು ತೆಗೆದ ಮೇಲೆ ಅವಳ ಸರದಿ. ಆಗ ಕಥೆ ಹೇಳುತ್ತಾಳೆ. ಅವಳ ಹತ್ತಿರ ಇದ್ದದ್ದು ಒಂದೇ ಕಥೆ, ತಂಗಿಯ ಮದುವೆಯದು.

ತಂಗಿ ಏನೂ ದೂರದಲ್ಲಿಲ್ಲ. ಅದೇ ಅಂಗಡಿಯ ಹಿಂದೆ, ಪರದೆಯಾಚೆ, ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಕೂತು ಕಾಜ ಹೊಲಿಯುತ್ತಾಳೆ, ಗುಂಡಿ ಹಚ್ಚುತ್ತಾಳೆ. ಮೂವತ್ತೈದು ವರ್ಷದಿಂದ ಆ ಕಥೆ ಪರದೆ ದಾಟಿ ಅವಳಿಗೂ ಕೇಳಿಸುತ್ತಲೇ ಬಂದಿದೆ.

ಕಥೆ ಹೀಗೆ. ಗಡಿಯಾರ ರಿಪೇರಿ ಮಾಡುವವನೊಬ್ಬ ತಂಗಿಯನ್ನು ಕಂಡು ಮರುಳಾದ. ಮೂರು ತಿಂಗಳು ಬಿಸಿಲು ಚಳಿ ನೋಡದೆ ಮನೆ ಎದುರಿನ ಗೋಡೆಗೆ ಒರಗಿ ನಿಂತ. ಇವಳು ಹಿಂದಿನ ಓಣಿಯಲ್ಲಿ ಹೋದರೆ ಅಲ್ಲೂ ಹಾಜರು. ಇವಳಿಗೋ ನಾಚಿಕೆ, ತಲೆಯೆತ್ತಿದವಳಲ್ಲ. ಅಪ್ಪ ಅಮ್ಮ ಊರಲ್ಲಿಲ್ಲದ ಒಂದು ಭಾನುವಾರ ಬಂದು ಬಾಗಿಲು ತಟ್ಟಿದ. "ನಾನೇ ಹೋಗಿ ಚಿಲಕ ತೆಗೆದೆ. ಬಂದವನೇ ಅವಳ ಕೈ ಹಿಡ್ಕೊಂಡ. ಇವತ್ತಿಗೂ ಬಿಟ್ಟಿಲ್ಲ ನೋಡಿ." ಇಲ್ಲಿಗೆ ಬಂದಾಗ ಎಲ್ಲರೂ ನಗುತ್ತಿದ್ದರು. ಅಕ್ಕಪಕ್ಕದವರು ಕಂಡರು, ಮಾತು ಬೆಳೆಯಿತು, ತಿಂಗಳೊಳಗೆ ಮದುವೆಯಾಯಿತು ಎಂದು ಮುಗಿಸುವಳು. ಪರದೆಯಾಚೆ ತಂಗಿ ಹಲ್ಲಿನಿಂದ ದಾರ ಕಡಿದು ಇನ್ನೊಂದು ಕಾಜಕ್ಕೆ ಸೂಜಿ ಹಾಕುವಳು.

ಈ ಸಲ ಬಂದವರು ಇಬ್ಬರು ಹುಡುಗಿಯರು, ಒಬ್ಬಳು ಕನ್ನಡಕದವಳು, ಇನ್ನೊಬ್ಬಳು ಉದ್ದನೆಯವಳು. ಜಪಾನಿನ ಚಿತ್ರಕಥೆಯೊಂದರ ಅಭಿಮಾನಿಗಳು. ಅದಕ್ಕೆ ಮಾಂಗಾ ಅನ್ನಬೇಕಂತೆ. ಹದಿನಾಲ್ಕು ಪುಸ್ತಕಗಳ ಪ್ರೇಮಕಥೆ. ಅಭಿಮಾನಿಗಳೆಲ್ಲ ಒಂದು ಸಭಾಂಗಣದಲ್ಲಿ ಸೇರಿ, ಅದರಲ್ಲಿರುವವರಂತೆ ವೇಷ ಹಾಕಿ, ಒಂದೊಂದು ದೃಶ್ಯ ಆಡಿ ತೋರಿಸುತ್ತಾರಂತೆ. ಉದ್ದನೆಯವಳಿಗೆ ನಾಯಕನ ಕೋಟು, ಕನ್ನಡಕದವಳಿಗೆ ನಾಯಕಿಯ ಫ್ರಾಕು. ಮೊದಲ ದಿನ ಕಾಲರಿನ ಚಿತ್ರ ತೋರಿಸಲು ಪುಸ್ತಕ ತಂದಿದ್ದರು. ಪ್ರೇಮಕಥೆ ಎಂದ ಕೂಡಲೇ ಟೇಲರಮ್ಮ ತನ್ನದನ್ನೂ ಹೇಳಿದ್ದಳು. ಉದ್ದನೆಯವಳು ಬಿದ್ದು ಬಿದ್ದು ನಕ್ಕಿದ್ದಳು.

ಟ್ರಯಲ್‌ಗೆ ಬಂದ ದಿನ ಇಬ್ಬರ ನಡುವೆ ಮಾತು ಸರಿ ಇರಲಿಲ್ಲ. ಟೇಲರಮ್ಮ ಮೊಣಕಾಲೂರಿ ಫ್ರಾಕಿನ ಅಂಚು ಮಡಿಸುತ್ತಿದ್ದಳು, ಬಾಯಲ್ಲಿ ಪಿನ್ನು. ಮೇಲೆ ಜಗಳ ನಡೆದಿತ್ತು. ಮೆಟ್ಟಿಲ ದೃಶ್ಯವನ್ನೇ ಆಡಬೇಕು, ಜನ ಅದಕ್ಕೇ ಕಾಯುತ್ತಾರೆ ಎಂದು ಉದ್ದನೆಯವಳ ಹಟ. ಆ ದೃಶ್ಯದಲ್ಲಿ ನಾಯಕ ಎರಡೂ ಕೈಗಳನ್ನು ಗೋಡೆಗೆ ಊರಿ ನಾಯಕಿಯ ದಾರಿ ಅಡ್ಡಗಟ್ಟುತ್ತಾನೆ. ಬಿಡು ಎನ್ನುತ್ತಾಳೆ. ಬಿಡದೆ ಮುತ್ತಿಡುತ್ತಾನೆ. ಮುಂದಿನ ಪುಟ ತುಂಬಾ ಹೂವು. ಹದಿಮೂರನೇ ವಯಸ್ಸಿನಲ್ಲಿ ಆ ಹೂವಿನ ಪುಟವನ್ನು ಹಾಸಿಗೆಯ ತಲೆದೆಸೆಗೆ ಅಂಟಿಸಿಕೊಂಡಿದ್ದವಳು ಕನ್ನಡಕದವಳೇ. ಈಗ ಅದನ್ನು ನೆನೆದರೆ ತನ್ನ ಮೇಲೇ ಅಸಹ್ಯವಾಗುತ್ತದೆ ಎಂದಳು. ಅಭಿಮಾನಿಗಳು ಫೋನಿನಲ್ಲಿ ಬರೆದುಕೊಂಡದ್ದನ್ನೂ ಓದಿ ಹೇಳಿದಳು. ಹಳೇ ಪುಸ್ತಕ, ಆಗೆಲ್ಲ ಹಾಗೇ ಎಂದು ಕೆಲವರು. ನಾಯಕಿಗೆ ಒಳಗೊಳಗೇ ಆಸೆಯಿತ್ತು, ನಾಚಿಕೆಗೆ ಬೇಡ ಅಂದಳು ಎಂದು ಇನ್ನು ಕೆಲವರು.

ಉದ್ದನೆಯವಳು ಸೋಲಲಿಲ್ಲ. "ಕೊನೆಗೆ ಅವಳೇ ಅವನನ್ನ ಇಷ್ಟಪಡ್ತಾಳಲ್ಲೇ."

"ಆಮೇಲೆ ಇಷ್ಟಪಟ್ಟಳು ಅಂತ ಅವತ್ತು ಬೇಡ ಅಂದಿದ್ದು ಅಳಿಸಿಹೋಗುತ್ತಾ?"

"ಅಯ್ಯೋ ನ್ಯಾಯಾಧೀಶರೇ, ಆಂಟಿ ತಂಗೀನೇ ಕೇಳು. ಅವರದೂ ಹೀಗೇ ಅಲ್ವಾ? ಚೆನ್ನಾಗೇ ಇದ್ದಾರಲ್ಲ."

ಕನ್ನಡಕದವಳು ಕೆಳಗೆ ನೋಡಿದಳು. ಕುಹಕವಿಲ್ಲದೆ, ನಿಜಕ್ಕೂ ತಿಳಿಯಬೇಕೆಂಬಂತೆ ಕೇಳಿದಳು. "ಆಂಟಿ, ಅವತ್ತು ನಿಮ್ಮ ತಂಗಿ ಏನಂದ್ರು? ನೀವು ಹೇಳಿದ್ದರಲ್ಲಿ ಅವರ ಮಾತೇ ಇರಲಿಲ್ಲ."

ಬಾಯಲ್ಲಿ ಪಿನ್ನಿರುವುದು ಎಷ್ಟು ಅನುಕೂಲ ಎಂದು ಟೇಲರಮ್ಮನಿಗೆ ಆಗ ಗೊತ್ತಾಯಿತು. ತಿರುಗು ಎಂದು ಕೈಸನ್ನೆ ಮಾಡಿದಳು. ಪರದೆಯಾಚೆ ದಾರ ಎಳೆಯುವ ಸದ್ದು ನಿಂತಿತ್ತು.

ಅವತ್ತು ತಂಗಿ ಮಾತಾಡಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈಯಲ್ಲಿ ನಿಂತು "ಅಕ್ಕಾ, ಚಿಲಕ ತೆಗೀಬೇಡ" ಅಂದಿದ್ದಳು. ಒಂದು ಸಲ ಅಲ್ಲ, ಎರಡು ಸಲ. ಟೇಲರಮ್ಮನಿಗೆ ಆಗ ಇಪ್ಪತ್ತೆರಡು. ಅವಳಿಗಾಗಿ ಯಾರೂ ಗೋಡೆಗೆ ಒರಗಿ ನಿಂತವರಿಲ್ಲ. ಅಂಥ ಪ್ರೀತಿ ಹೇಗಿರುತ್ತದೆ, ಹತ್ತಿರದಿಂದ ನೋಡೋಣ ಎಂಬ ಆಸೆ. ತೆಗೆದಳು. ತಂಗಿ ಕೈ ಬಿಡಿಸಿಕೊಳ್ಳಲು ಜಗ್ಗುತ್ತಾ ಅಕ್ಕನ ಕಡೆಗೇ ನೋಡಿದ್ದಳು, ಅವನ ಕಡೆಗಲ್ಲ. ಮೊದಲ ಸಲ ಕಥೆ ಹೇಳುವಾಗ ಆ ಮಾತನ್ನು ಬಿಟ್ಟದ್ದು ಅಳುಕಿನಿಂದ. ಜನ ನಕ್ಕರು. ಆಮೇಲೆ ಬಿಟ್ಟೇ ಹೇಳುವುದು ರೂಢಿಯಾಯಿತು. ಗಡಿಯಾರದವನು ಕೆಟ್ಟವನಲ್ಲ, ಕುಡಿಯುವವನಲ್ಲ, ಹೊಡೆದವನಲ್ಲ. ಅದನ್ನೇ ಅವಳು ಇಷ್ಟು ವರ್ಷ ತನ್ನ ಸಮಾಧಾನಕ್ಕೆ ಹಚ್ಚಿಕೊಂಡಿದ್ದಳು.

ಆ ವಾರವೆಲ್ಲ ತಂಗಿಯ ಮುಖ ನೋಡಲಾಗಲಿಲ್ಲ. ಎದುರು ಕೂತು ಊಟ ಮಾಡುವಾಗ ತಟ್ಟೆಯನ್ನೇ ನೋಡಿದಳು. ಹೇಳಿಬಿಡೋಣ ಎಂದು ಎರಡು ಸಲ ಪರದೆಯ ತನಕ ಹೋಗಿ, ಎರಡು ಸಲವೂ ಬರೀ ಕತ್ತರಿ ಕೇಳಿ ತಂದಳು. ಮೇಜಿನ ಮೇಲೆ ಈಗ ಮೂರು ಕತ್ತರಿ.

ಬಟ್ಟೆ ಒಯ್ಯುವ ದಿನ ಹುಡುಗಿಯರ ಜೊತೆ ಇನ್ನೊಬ್ಬ ಗೆಳತಿ ಬಂದಿದ್ದಳು. "ಆಂಟಿ, ಇವಳಿಗೂ ನಿಮ್ಮ ತಂಗಿ ಕಥೆ ಹೇಳಿ" ಎಂದಳು ಉದ್ದನೆಯವಳು, ಕೋಟಿನ ತೋಳು ಎಳೆದುಕೊಳ್ಳುತ್ತಾ.

ಟೇಲರಮ್ಮ ಬಾಯಿಂದ ಒಂದೊಂದೇ ಪಿನ್ನು ತೆಗೆದು ಪಿನ್ನಿನ ದಿಂಬಿಗೆ ಚುಚ್ಚಿದಳು. "ನಾನು ಹೇಳಿದ್ದು ಸರಿ ಇರಲಿಲ್ಲಮ್ಮಾ. ಅವಳು ಬಾಗಿಲು ತೆಗೀಬೇಡ ಅಂದಿದ್ದಳು. ಎರಡು ಸಲ ಅಂದಳು. ನಾನು ತೆಗೆದೆ."

ಯಾರೂ ನಗಲಿಲ್ಲ. ಉದ್ದನೆಯವಳು ಹಾಕಿದ್ದ ಕೋಟಿನ ಗುಂಡಿಗಳನ್ನು ಬಿಚ್ಚತೊಡಗಿದಳು. ಬಟ್ಟೆ ಮಡಿಸಿ ಚೀಲಕ್ಕೆ ಹಾಕಿಕೊಂಡು ಮೂವರೂ ಹೋದರು. ಹೇಳಿಬಿಟ್ಟೆನಲ್ಲ, ಎದೆ ಹಗುರಾಗಬಹುದು ಎಂದುಕೊಂಡಿದ್ದಳು ಟೇಲರಮ್ಮ.

ಪರದೆ ಸರಿಸಿ ತಂಗಿ ಬಂದಳು. ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಅಂಗುಸ್ತಾನ ಹಾಗೇ ಇತ್ತು.

"ಹೇಳ್ದೆಯಲ್ಲ."

"ಹೇಳಬೇಕಿತ್ತು ಕಣೇ. ತಪ್ಪಾಯ್ತು."

"ಅವರಿಗೆ ಹೇಳ್ದೆ. ಇದನ್ನೂ ನನ್ನ ಕೇಳಲಿಲ್ಲ."

ಇನ್ನು ಯಾರಿಗೂ ಹೇಳಲ್ಲ ಎಂದು ಟೇಲರಮ್ಮ ತೊದಲಿದಳು.

"ಹೇಳೋದು ಬಿಡೋದು ನಾನು ನೋಡ್ಕೋತೀನಿ. ನಡೆದಿದ್ದು ನನಗೆ."

ತಂಗಿ ಸಿಟ್ಟಿನಿಂದ ಅನ್ನಲಿಲ್ಲ. ಅಂಗುಸ್ತಾನ ತೆಗೆದು ಮೇಜಿನ ಮೇಲಿಟ್ಟಳು, ಮೂರು ಕತ್ತರಿಗಳಲ್ಲಿ ತನ್ನದನ್ನು ಆರಿಸಿ ಚೀಲಕ್ಕೆ ಹಾಕಿಕೊಂಡಳು. ನಾಳೆ ಬರುವುದಿಲ್ಲ ಎಂದಳು. ಇಷ್ಟು ವರ್ಷದಲ್ಲಿ ಹಾಗೆ ಅಂದವಳಲ್ಲ. ಸ್ಟೂಲಿನ ಮೇಲೆ ಅರ್ಧ ಕಾಜ ಹಾಕಿದ ಅಂಗಿಯಿತ್ತು. ನಾಡಿದ್ದು ಬೇಗ ಬಾ, ಕೆಲಸ ಇದೆ ಎಂಬ ಮಾತು ಟೇಲರಮ್ಮನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡಳು.

"ನಾಡಿದ್ದು ಬರ್ತೀಯಾ?"

ತಂಗಿ ಚಪ್ಪಲಿ ಮೆಟ್ಟಿಕೊಂಡಳು. "ಗೊತ್ತಿಲ್ಲ ಅಕ್ಕಾ" ಎಂದು ಮೆಟ್ಟಿಲಿಳಿದಳು.

ಟೇಲರಮ್ಮ ಎರಡನೇ ಸಲ ಕೇಳಲಿಲ್ಲ.