ಪೆಟ್ರೋಲ್ ಮುಚ್ಚಳದ ಬೊಟ್ಟು

ಬೈರಪ್ಪ ಉರಿಗಾಂನಲ್ಲಿ ನಲವತ್ತು ವರ್ಷದಿಂದ ಗಾಡಿ ರಿಪೇರಿ ಮಾಡುವವನು. ಹಠಮಾರಿ, ಯಾವ ಇಂಜಿನ್ನಿನ ಮುಂದೆಯೂ ಸೋತೆ ಎಂದವನಲ್ಲ. ಆದರೆ ಸೆಲ್ವರಾಜ್‌ನ ಹಳೆಯ ಸ್ಪೋರ್ಟ್ಸ್ ಕಾರು ನಾಲ್ಕು ತಿಂಗಳಿಂದ ಅವನನ್ನು ಸತಾಯಿಸುತ್ತಿತ್ತು. ಬಂಗಾರಪೇಟೆ ದಾರಿಯಲ್ಲಿ ಪೆಟ್ರೋಲ್ ಬಾರದೆ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೊರಡುತ್ತಿತ್ತು. ಪಂಪ್ ಬದಲಿಸಿದ, ಕಾರ್ಬುರೇಟರನ್ನು ಮೂರು ಸಲ ಬಿಚ್ಚಿದ. ಗುಣವಾಗಲಿಲ್ಲ.

ಮೊನ್ನೆ ಸೆಲ್ವರಾಜ್ ಜೊತೆ ಹೊರಟಾಗ ಕಾರು ಮತ್ತೆ ನಿಂತಿತು. ಬೈರಪ್ಪ ಇಳಿದು ಟ್ಯಾಂಕಿನ ಮುಚ್ಚಳ ತಿರುಗಿಸಿದ. ಗಾಳಿ ಬುಸ್ಸೆಂದು ಒಳನುಗ್ಗಿತು. ಮುಚ್ಚಳದ ಗಾಳಿತೂತು ಕಟ್ಟಿಕೊಂಡು ಪೆಟ್ರೋಲ್ ಇಳಿಯುತ್ತಿಲ್ಲ ಎಂದು ಆಗ ತಿಳಿಯಿತು. ತೂತಿನಲ್ಲಿ ಒಣಗಿ ಗಟ್ಟಿಯಾಗಿದ್ದನ್ನು ಬೈಯುತ್ತಲೇ ಪಿನ್ನಿನಿಂದ ಕೆರೆದು, ಬಟ್ಟೆಯಿಂದ ಉಜ್ಜಿದ. ಬಟ್ಟೆ ಕೆಂಪಾಯಿತು.

ನಾಲ್ಕು ತಿಂಗಳ ಹಿಂದೆ ಆಯುಧಪೂಜೆಯ ದಿನ ಹೆಂಡತಿ ಅಂಜಮ್ಮ ಈ ಕಾರೂ ಸೇರಿ ಗ್ಯಾರೇಜಿನ ಗಾಡಿಗಳಿಗೆಲ್ಲ ಗಂಧ, ಕುಂಕುಮ ಇಟ್ಟಿದ್ದಳು. ಊರೆಲ್ಲ ಬಾನೆಟ್ಟಿಗೆ ಇಟ್ಟರೆ ಅವಳು ಪೆಟ್ರೋಲ್ ಮುಚ್ಚಳಕ್ಕೆ ಇಡುತ್ತಿದ್ದಳು.

"ಗಾಡಿ ಉಣ್ಣೋದು ಇಲ್ಲೇ ಅಲ್ವಾ" ಎಂದಿದ್ದಳು.

"ಏನಾರ ಮಾಡ್ಕೋ ಓಗು" ಎಂದು ಅವನು ಗದರಿದ್ದ.

ಅದಾದ ಹದಿನೈದು ದಿನಕ್ಕೆ ಅವಳು ಜ್ವರ ಬಂದು ತೀರಿಕೊಂಡಳು.

"ಸಿಕ್ತಾ ಬೈರಣ್ಣ?" ಎಂದು ಸೆಲ್ವರಾಜ್ ಕೇಳಿದ.

"ಸಿಕ್ತು. ಒರೆಸಾಕ್ಬಿಟ್ಟೆ ಕಣಪ್ಪ."

ಆಮೇಲೆ ಕಾರು ಬಂಗಾರಪೇಟೆಯವರೆಗೂ ಎಲ್ಲೂ ನಿಲ್ಲಲಿಲ್ಲ. ಎಲ್ಲಾದರೂ ಒಮ್ಮೆಯಾದರೂ ನಿಂತೀತೇನೋ ಎಂದು ಬೈರಪ್ಪ ದಾರಿಯುದ್ದಕ್ಕೂ ಕಾಯುತ್ತಿದ್ದ.