ಸ್ಕೂಟರಿನ ಡಿಕ್ಕಿಯಲ್ಲಿದ್ದ ಕಪ್ಪು ಮರಳು

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ ಓಬಕ್ಕನ ಕಣ್ಣಿಗೆ ಒಂದು ಹೆಸರಿದೆ. ಐವತ್ತನಾಲ್ಕು ವರ್ಷವಾದರೂ ಕನ್ನಡಕವಿಲ್ಲ. ಮದುವೆಯಾಗಿ ಈ ಊರಿಗೆ ಬಂದ ಎರಡನೇ ವರ್ಷದಿಂದ ನಬೀ ಸಾಬ್ ಅವರ ಭಟ್ಟಿಯಲ್ಲಿ ಜರಡಿ ಹಿಡಿದವಳು, ಹಮಾಲಿ ಮಾಡುತ್ತಿದ್ದ ಗಂಡ ತೀರಿಕೊಂಡ ಮೇಲೂ ಅದನ್ನು ಬಿಟ್ಟಿಲ್ಲ. ಉಪ್ಪುನೀರು ಹೀರಿದ ಅಕ್ಕಿಯನ್ನು ಬಾಣಲೆಯ ಕಾದ ಮರಳಿಗೆ ಸುರಿದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಅರಳಿ ಮಂಡಕ್ಕಿಯಾಗುತ್ತದೆ. ಮರಳಿನ ಸಮೇತ ಅದನ್ನು ಬಾಚಿ ಜರಡಿಗೆ ಹಾಕುತ್ತಾರೆ. ಮರಳು ಕೆಳಗಿಳಿಯಬೇಕು, ಮಂಡಕ್ಕಿ ಮೇಲುಳಿಯಬೇಕು. ಒಂದೇ ಒಂದು ಹರಳು ಉಳಿದರೂ ತಿನ್ನುವವರ ಹಲ್ಲಿಗೆ ಸಿಗುತ್ತದೆ. ಓಬಕ್ಕನ ಜರಡಿಯ ಮಂಡಕ್ಕಿಯಲ್ಲಿ ಹರಳು ಸಿಕ್ಕಿತೆಂದು ಯಾವ ಅಂಗಡಿಯವರೂ ಇವತ್ತಿನವರೆಗೆ ದೂರು ಹೇಳಿಲ್ಲ.

ಆಕೆಗೆ ಒಬ್ಬಳೇ ಮಗಳು, ಮೀನಾಕ್ಷಿ. ಕೋರ್ಟಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಸಂಜೆ ಮನೆಗೆ ಬಂದರೆ ಕೈಯಲ್ಲಿ ಮೊಬೈಲು. ಅದರಲ್ಲಿ ‘ನಮ್ಮೂರ ಪತ್ತೇದಾರರು’ ಎಂಬ ಗುಂಪು. ಹರಿಹರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ರಾಜಕುಮಾರ್ ಎಂಬಾತ ಶುರುಮಾಡಿದ್ದು. ಹದಿನಾಲ್ಕು ಸಾವಿರ ಜನ ಸೇರಿದ್ದರು. ಎಲ್ಲಿ ಕಳ್ಳತನವಾಗಲಿ, ಕೊಲೆಯಾಗಲಿ, ಇವರೆಲ್ಲ ಮನೆಯಲ್ಲೇ ಕೂತು ತನಿಖೆ ಮಾಡುವವರು.

ಆ ನವೆಂಬರಿನಲ್ಲಿ ಗುಂಪಿಗೆ ಬೇರೆ ಮಾತೇ ಇರಲಿಲ್ಲ. ಹರಿಹರದ ಭಾಗ್ಯಲಕ್ಷ್ಮಿ ಎಂಬ ಇಪ್ಪತ್ತನಾಲ್ಕು ವರ್ಷದ ಹೆಣ್ಣುಮಗಳು ಹೊಲಿಗೆ ಕ್ಲಾಸಿಗೆಂದು ಸ್ಕೂಟರ್ ಹತ್ತಿ ಹೋದವಳು ತಿರುಗಿ ಬಂದಿರಲಿಲ್ಲ. ಫೋನು ಗಂಡನ ಮನೆಯಲ್ಲೇ ಇತ್ತು. ವಿಚಾರಿಸಿದರೆ ಆಕೆ ಯಾವ ಹೊಲಿಗೆ ಕ್ಲಾಸಿಗೂ ಸೇರಿಯೇ ಇರಲಿಲ್ಲ. ಮರುದಿನ ತುಂಗಭದ್ರೆಯ ಸೇತುವೆ ಹತ್ತಿರ ಸ್ಕೂಟರ್ ಸಿಕ್ಕಿತು, ಕೀಲಿ ಅದರಲ್ಲೇ ಇತ್ತು. ಎರಡು ದಿನ ದೋಣಿ ಹಾಕಿ ಹೊಳೆಯಲ್ಲೆಲ್ಲ ಹುಡುಕಿದರೂ ಏನೂ ಸಿಗಲಿಲ್ಲ. ಪೊಲೀಸರಿಗೆ ಸಿಕ್ಕಿದ್ದು ಸ್ಕೂಟರಿನ ಡಿಕ್ಕಿಯಲ್ಲಿದ್ದ ಒಂದು ಚೌಕಳಿ ಟವೆಲ್ಲು, ಅದರಡಿ ಒಂದು ಬೊಗಸೆಯಷ್ಟು ಕಪ್ಪು ಮರಳು. ಆ ಮರಳನ್ನು ಬಿಳಿ ಹಾಳೆಯ ಮೇಲೆ ಹರಡಿ, ಪಕ್ಕದಲ್ಲಿ ಟವೆಲ್ಲನ್ನೂ ಇಟ್ಟು ಫೋಟೋ ತೆಗೆದು, ಗೊತ್ತಿದ್ದವರು ತಿಳಿಸಿ ಎಂದು ಪತ್ರಿಕೆಗೆ ಕೊಟ್ಟಿದ್ದರು.

ಹದಿನಾಲ್ಕು ಸಾವಿರ ಜನ ಆ ಫೋಟೋದ ಮೇಲೆ ಬಿದ್ದರು. ಸ್ಮಶಾನದ ಮರಳು, ಮಾಟಕ್ಕೆ ತಂದದ್ದು ಎಂದ ಒಬ್ಬ. ಹೆಣ ಸುಟ್ಟ ಜಾಗದ್ದೇ, ಬಣ್ಣ ನೋಡಿ ಎಂದ ಇನ್ನೊಬ್ಬ. ಮರಳು ದಂಧೆಯವರ ಕೈವಾಡ ಎಂದು ಒಬ್ಬಾತ ನಕ್ಷೆ ಬರೆದು, ಬಾಣದ ಗುರುತು ಹಾಕಿ, ಹೊಳೆಯ ದಂಡೆಯಲ್ಲಿ ಎಲ್ಲಿ ಹೂತಿರಬಹುದೆಂದು ತೋರಿಸಿಯೇ ಬಿಟ್ಟ.

“ಅವ್ವ, ಇದನ್ನ ನೋಡು. ಮೈ ಜುಮ್ ಅಂತೈತೆ” ಎಂದು ಮೀನಾಕ್ಷಿ ಫೋಟೋ ಮುಂದೆ ಹಿಡಿದಳು.

ಓಬಕ್ಕ ರೊಟ್ಟಿ ತಟ್ಟುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಬಗ್ಗಿ ನೋಡಿದಳು. “ದೊಡ್ಡದು ಮಾಡು.” ಮಗಳು ಮಾಡಿದಳು. “ಇನ್ನೂ ಮಾಡು.”

ಕಪ್ಪು ಹರಳುಗಳ ಮೂಲೆಗಳೆಲ್ಲ ಸವೆದು ಗುಂಡಗಾಗಿದ್ದವು. ನಡುನಡುವೆ ಉಪ್ಪಿನ ಬಿಳಿ ಪುಡಿ. ಒಂದು ಕಡೆ ಅರಳದೆ ಕರಕಾದ ಎರಡು ಅಕ್ಕಿಕಾಳು.

“ಇದು ಸ್ಮಶಾನದ್ದೂ ಅಲ್ಲ, ಹೊಳೀದೂ ಅಲ್ಲ. ನಮ್ಮ ಭಟ್ಟಿ ಮರಳು” ಎಂದಳು ಓಬಕ್ಕ.

“ಹೆಂಗೆ ಹೇಳ್ತಿ?”

“ಮೂವತ್ತು ವರ್ಷ ಆತು ಅದನ್ನ ಜರಡಿ ಹಿಡಿಯಾಕ ಹತ್ತಿ. ನನಗ ಗೊತ್ತಾಗಲ್ಲೇನು?”

ಮೀನಾಕ್ಷಿ ಉಬ್ಬಿಹೋದಳು. ಕೂಡಲೇ ಬರೆದಳು: ‘ನಮ್ಮ ತಾಯಿ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಇದು ಭಟ್ಟಿ ಮರಳು ಎನ್ನುತ್ತಾರೆ.’ ಅರ್ಧ ಗಂಟೆಯಲ್ಲಿ ಮುನ್ನೂರು ಜನ ನಕ್ಕ ಗುರುತು ಒತ್ತಿದ್ದರು. ‘ಮಿರ್ಚಿ ಜೊತೆ ಕಳಿಸಿ ಅಜ್ಜಿ’ ಎಂದು ಒಬ್ಬ ಬರೆದ. ತಾನು ನಿವೃತ್ತ ಅಧಿಕಾರಿ ಎಂದು ಹೇಳಿಕೊಂಡವನೊಬ್ಬ, ಅನಕ್ಷರಸ್ಥರು ತನಿಖೆಯ ದಾರಿ ತಪ್ಪಿಸಬಾರದು ಎಂದು ಬುದ್ಧಿ ಹೇಳಿದ. ಮೀನಾಕ್ಷಿಯ ಮುಖ ಕೆಂಪಾಯಿತು. ಓಬಕ್ಕ ಮಾತ್ರ, “ನಗ್ಲಿ ಬಿಡು, ರೊಟ್ಟಿ ಆರತಾವು” ಎಂದಳು.

ಮೂರು ದಿನವಾದ ಮೇಲೆ ಗುಂಪಿನವರಿಗೆ ಒಬ್ಬ ಅಪರಾಧಿ ಸಿಕ್ಕಿದ. ಹೊಳೆಯ ದಂಡೆಗೆ ಹತ್ತಿರದಲ್ಲೇ ತಗಡಿನ ಶೆಡ್ಡಿನಲ್ಲಿ ಗ್ಯಾರೇಜು ಇಟ್ಟಿದ್ದ ಚೌಡೇಶ್. ಭಾಗ್ಯಲಕ್ಷ್ಮಿಯ ಫೋನಿನಿಂದ ಒಂದೇ ತಿಂಗಳಲ್ಲಿ ಅವನಿಗೆ ಹನ್ನೊಂದು ಸಲ ಕರೆ ಹೋಗಿತ್ತು. ಪೊಲೀಸರು ವಿಚಾರಣೆಗೆಂದು ದಿನವೂ ಅವನನ್ನು ಕರೆಸುತ್ತಿದ್ದರು. ಗುಂಪಿನವರಿಗೆ ವಿಚಾರಣೆಯೂ ಬೇಕಿರಲಿಲ್ಲ. ಅವನ ಫೋಟೋಕ್ಕೆ ಕೆಂಪು ಸುತ್ತು ಹಾಕಿ ಊರೆಲ್ಲ ಹಂಚಿದರು. ಮೀನಾಕ್ಷಿಯೂ ಹಂಚಿದಳು, ‘ಇಂಥವರನ್ನು ಗಲ್ಲಿಗೆ ಹಾಕಿ’ ಎಂದು ಮೇಲೊಂದು ಸಾಲು ಸೇರಿಸಿ.

ಅದರ ಮಾರನೇ ದಿನ ಒಂದು ವಿಡಿಯೋ ಬಂತು. ಹರಿಹರದ ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸಿನ ಸುತ್ತ ನಾಲ್ಕೈದು ಜನ ನಿಂತು, ಹೆಣ ಎಲ್ಲಿಟ್ಟಿದ್ದಾನೆ ನಿನ್ನ ಮಗ ಎಂದು ಕೇಳುತ್ತಿದ್ದರು. ಆಕೆ ಚೌಡೇಶನ ತಾಯಿ ತಿಮ್ಮವ್ವ. ಚೆಲ್ಲಾಪಿಲ್ಲಿಯಾದ ಮೆಂತ್ಯದ ಸಿವುಡುಗಳನ್ನು ಒಂದೊಂದಾಗಿ ಎತ್ತಿ ಬುಟ್ಟಿಗಿಡುತ್ತಿದ್ದಳು.

ಓಬಕ್ಕ ಆ ವಿಡಿಯೋವನ್ನು ಎರಡು ಸಲ ಹಾಕಿಸಿಕೊಂಡು ನೋಡಿದಳು. ಆ ಹುಡುಗಿಯ ಗಾಡಿಯಲ್ಲಿ ಭಟ್ಟಿ ಮರಳಿದೆ ಎಂದರೆ ಆಕೆ ಭಟ್ಟಿಗೆ ಬರುತ್ತಿದ್ದಳು. ಒಂದೆರಡು ಸಲ ಬಂದು ಹೋದರೆ ಅಷ್ಟು ಮರಳು ಕೂಡುವುದಿಲ್ಲ; ದಿನವೂ ತಲೆಗೆ ಟವೆಲ್ಲು ಸುತ್ತಿ ದುಡಿದವರ ಬಟ್ಟೆಯಲ್ಲಿ ಮಾತ್ರ ಅಷ್ಟು ಕೂಡುತ್ತದೆ. ಇಷ್ಟು ಹೊಳೆದ ಮೇಲೆ ಸುಮ್ಮನೆ ಕೂರಲು ಅವಳಿಂದ ಆಗಲಿಲ್ಲ.

ಮರುದಿನ ಮಧ್ಯಾಹ್ನ ಕೆಲಸ ಮುಗಿಸಿ, ಹೊಸ ಜರಡಿ ಎಲ್ಲಿ ತಂದಿರಿ ಎಂದು ಕೇಳುವ ನೆವದಲ್ಲಿ ಒಂದೊಂದೇ ಭಟ್ಟಿಗೆ ಹೋದಳು. ಈ ಎರಡು ತಿಂಗಳಲ್ಲಿ ಹೊಸಬರು ಯಾರು ಸೇರಿದರು ಎಂಬುದು ಅವಳಿಗೆ ಬೇಕಾಗಿದ್ದ ಸಂಗತಿ. ಮೂರನೇ ಓಣಿಯಲ್ಲಿ ಇಮಾಂಬೀಯ ಭಟ್ಟಿ. ವಿಧವೆ, ಗಟ್ಟಿ ಹೆಂಗಸು, ತಾನೇ ಬಾಣಲೆ ಮುಂದೆ ನಿಂತು ಮರಳು ತಿರುವುವವಳು. ಅವಳ ಹಿಂದೆ ಮೂಗಿನವರೆಗೆ ಟವೆಲ್ಲು ಕಟ್ಟಿಕೊಂಡ ಹುಡುಗಿಯೊಬ್ಬಳು ಜರಡಿ ಆಡಿಸುತ್ತಿದ್ದಳು. ಪತ್ರಿಕೆಯಲ್ಲಿ ಬಂದದ್ದು ಭಾಗ್ಯಲಕ್ಷ್ಮಿಯ ಮದುವೆಯ ದಿನದ ಅಲಂಕಾರದ ಫೋಟೋ. ಅದನ್ನು ಹಿಡಿದುಕೊಂಡು ಈಕೆಯನ್ನು ಗುರುತಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಆದರೆ ಟವೆಲ್ಲು ಅದೇ ಚೌಕಳಿಯದು.

“ಹೊಸಬಳಾ ಈಕಿ?” ಎಂದಳು ಓಬಕ್ಕ.

ಇಮಾಂಬೀ ಸೌಟು ನಿಲ್ಲಿಸಿದಳು. “ನಮ್ಮ ಪೈಕಿ ಹುಡುಗಿ. ಯಾಕ?”

“ಅಕ್ಕ, ನನ್ನತ್ರ ಮುಚ್ಚಿಡಬ್ಯಾಡ್ರಿ. ಈಕಿ ಸತ್ತಾಳಂತ ಹರಿಹರದಾಗ ಹೊಳಿ ಜಾಲಾಡಿಸ್ಯಾರ.”

ಹುಡುಗಿಯ ಕೈಯಿಂದ ಜರಡಿ ಜಾರಿತು. ಇಮಾಂಬೀ ನೇರ ಹೋಗಿ ಬಾಗಿಲು ಮುಂದೆ ಮಾಡಿದಳು. ಗಂಡನ ಏಟು ತಿಂದು ಓಡಿಬಂದಿದ್ದಾಳೆ ಎಂಬುದಷ್ಟೇ ಅವಳಿಗೂ ಗೊತ್ತಿತ್ತು. ಇಷ್ಟು ದೊಡ್ಡ ಸುದ್ದಿಯಾಗಿದೆ ಎಂಬುದು ಗೊತ್ತಿರಲಿಲ್ಲ.

ಭಾಗ್ಯಲಕ್ಷ್ಮಿ ಮೂಟೆಗಳ ಮಧ್ಯೆ ಕುಕ್ಕರಿಸಿ ಕೂತಳು. ಗಂಡ ಹೊಡೆಯುತ್ತಿದ್ದ. ಎರಡು ಸಲ ತವರಿಗೆ ಹೋದಳು, ಎರಡು ಸಲವೂ ಅಪ್ಪ ತಾನೇ ಕರೆತಂದು ಬಿಟ್ಟು ಹೋದ. ಆಮೇಲೆ ಹೊಲಿಗೆ ಕ್ಲಾಸಿನ ಸುಳ್ಳು ಹೇಳಿ ದಿನಾ ನಾಲ್ಕು ತಾಸು ಇಲ್ಲಿಗೆ ಬಂದು ಕೆಲಸ ಕಲಿತಳು. ತನ್ನ ಕಾಲ ಮೇಲೆ ನಿಲ್ಲಬಹುದು ಎನಿಸಿದ ದಿನ ಮನೆ ಬಿಟ್ಟಳು.

“ಗಾಡಿ ಅವ್ರ ಹೆಸರಲ್ಲಿತ್ತು. ಕದ್ಲು ಅಂತ ಕೇಸ್ ಹಾಕ್ತಾರಂತ ಸೇತುವೆ ಹತ್ರ ಬಿಟ್ಟು ಬಸ್ ಹತ್ತಿದೆ. ಹೊಳೀಗೆ ಬಿದ್ಲು ಅಂದ್ಕೊಂತಾರ ಅಂತ ನಾನು ಅನ್ಕೊಳ್ಳಲಿಲ್ಲ ದೊಡ್ಡಮ್ಮ.” ಕೈ ಮುಗಿದಳು. “ಯಾರಿಗೂ ಹೇಳಬ್ಯಾಡ್ರಿ. ಮತ್ತ ಅಲ್ಲಿಗೇ ಕಳಿಸ್ತಾರ.”

“ನಾನು ಹೇಳಲ್ಲ. ಆದ್ರ ಒಂದು ಮಾತು ನಿನಗ ತಿಳಿಸಿ ಹೋಗ್ತೀನಿ. ನಿನ್ನ ಕೊಂದಾನಂತ ಆ ಗ್ಯಾರೇಜ್ ಚೌಡೇಶನ್ನ ದಿನಾ ಠಾಣೆಗೆ ಎಳದಾಡ್ತಿದಾರ.”

“ಚೌಡೇಶಣ್ಣನ್ನಾ?” ಹುಡುಗಿ ಬೆಚ್ಚಿ ಎದ್ದು ನಿಂತಳು. “ಅವ್ರು ಏನ್ ಮಾಡಿದ್ರು? ಆ ದರಿದ್ರ ಗಾಡಿ ದಿನಾ ಬಂದ್ ಬೀಳ್ತಿತ್ತು. ಫೋನ್ ಮಾಡಿದ್ರ ಬಂದು ಸ್ಟಾರ್ಟ್ ಮಾಡಿ ಕೊಟ್ಟು ಹೋಗ್ತಿದ್ರು. ಅಷ್ಟ.”

ಹನ್ನೊಂದು ಕರೆಗಳ ಗುಟ್ಟು ಅಷ್ಟೇ ಆಗಿತ್ತು.

ಓಬಕ್ಕ ಒತ್ತಾಯ ಮಾಡಲಿಲ್ಲ. ಅವಸರವಿಲ್ಲ, ನಾಳೆ ಬರುತ್ತೇನೆ ಎಂದು ಹೇಳಿ ಎದ್ದಳು. ಬಾಗಿಲು ದಾಟುವ ಮೊದಲೇ ಹಿಂದಿನಿಂದ ಕೇಳಿಸಿತು: “ನಾಳೆ ಬ್ಯಾಡ. ಇವತ್ತೇ ಹೋಗೋಣ. ನೀವು ಜೊತಿಗೆ ಬರ್ತೀರಾ?”

ಹೊರಡುವ ಮುಂಚೆ ಓಬಕ್ಕ ಇಮಾಂಬೀಯ ಫೋನಿನಿಂದ ಮಗಳನ್ನು ಕರೆದಳು. “ಮೀನಾ, ಅವತ್ತು ಭಟ್ಟಿ ಮರಳು ಅಂತ ಬರ್ದಿದ್ದೆಯಲ್ಲ, ಅದನ್ನ ಅಳಿಸು. ಈಗ್ಲೇ.”

“ಯಾಕವ್ವ? ಯಾರೋ ಒಬ್ಬರು ಈಗ ಅದರ ಬಗ್ಗೇನೇ ಕೇಳ್ಯಾರ, ಯಾವ ಓಣಿ ಭಟ್ಟಿ ಅಂತ. ನಾವು ಹೇಳಿದ್ದು ಖರೇ ಆದ್ರ ಎಲ್ಲರ ಬಾಯಿ ಮುಚ್ತೈತೆ.”

“ಅದಕ್ಕೇ ಅಳಿಸು. ಆ ಹುಡುಗಿ ಜೀವಂತ ಅದಾಳ. ಹುಡುಕ್ಕೊಂಡು ಆಕಿ ಗಂಡ ಬಂದ್ರ ಏನ್ ಮಾಡ್ತಿ?”

ಮೀನಾಕ್ಷಿ ಸಣ್ಣ ದನಿಯಲ್ಲಿ, “ಅಳಿಸಿದೆ” ಎಂದಳು. “ಅವ್ವ, ನಾನು ಚೌಡೇಶನ ಫೋಟೋನೂ ಹಾಕಿದ್ದೆ.”

“ಗೊತ್ತು. ಅದನ್ನ ಆಮ್ಯಾಲೆ ನೋಡೋಣ. ನೀನೂ ಮಹಿಳಾ ಠಾಣೆ ಹತ್ರ ಬಾ.”

ಠಾಣೆಯಲ್ಲಿ ಸರೋಜಾ ಎಂಬ ಸಬ್ ಇನ್ಸ್‌ಪೆಕ್ಟರ್ ಇದ್ದರು. ಓಬಕ್ಕ, ಮೀನಾಕ್ಷಿ, ಭಾಗ್ಯಲಕ್ಷ್ಮಿ ಮೂವರೂ, ಅವರಲ್ಲಿ ಇಬ್ಬರ ಮುಖದಲ್ಲಿ ಇನ್ನೂ ಮಸಿ, ಬಂದು ನಿಂತದ್ದು ನೋಡಿ, “ಕೂಡ್ರಿ, ಏನಾತು?” ಎಂದರು. ಭಾಗ್ಯಲಕ್ಷ್ಮಿ ಟವೆಲ್ಲು ಬಿಚ್ಚಿ ತನ್ನ ಹೆಸರು ಹೇಳಿದಳು. ಸರೋಜಾ ಕುರ್ಚಿಯಿಂದ ಅರ್ಧ ಎದ್ದವರು ಮತ್ತೆ ಕೂತು, ಮೊದಲು ನೀರು ತರಿಸಿ ಕುಡಿಸಿದರು.

ಹೇಳಿಕೆ ಬರೆದುಕೊಳ್ಳಲು ಎರಡು ತಾಸು ಹಿಡಿಯಿತು. ಕೊನೆಗೆ ಹುಡುಗಿ, “ನನ್ನನ್ನ ಮನೆಗೆ ಕಳಿಸ್ತೀರಾ ಮೇಡಂ?” ಎಂದು ಕೇಳಿದಳು.

“ನೀವು ವಯಸ್ಸಿಗೆ ಬಂದವರು. ಎಲ್ಲಿರಬೇಕು ಅನ್ನೋದು ನಿಮ್ಮಿಷ್ಟ. ನಾಳೆ ಕೋರ್ಟಿನಾಗೂ ಇದನ್ನೇ ಹೇಳ್ರಿ. ವಿಳಾಸ ಯಾರಿಗೂ ಕೊಡಲ್ಲ. ಹೊಡೆದದ್ದಕ್ಕ ದೂರು ಕೊಡ್ತೀರಾ?”

ಭಾಗ್ಯಲಕ್ಷ್ಮಿ ಓಬಕ್ಕನ ಮುಖ ನೋಡಿದಳು. ಅದು ಆ ಹುಡುಗಿಯೇ ಹೇಳಬೇಕಾದ ಮಾತು.

“ಕೊಡ್ತೀನಿ” ಎಂದಳು ಭಾಗ್ಯಲಕ್ಷ್ಮಿ.

ಅಂದು ಸಂಜೆಯೇ ಹರಿಹರದ ಪೊಲೀಸರಿಂದ ಚೌಡೇಶನಿಗೆ ಫೋನು ಹೋಯಿತು, ಇನ್ನು ಠಾಣೆಗೆ ಬರಬೇಕಾಗಿಲ್ಲ ಎಂದು. ಮಹಿಳೆ ಸುರಕ್ಷಿತವಾಗಿದ್ದಾರೆ ಎಂಬ ಎರಡು ಸಾಲಿನ ಪ್ರಕಟಣೆ ಪತ್ರಿಕೆಗೆ ಬಂತು. ಹೇಗೆ ಸಿಕ್ಕರು, ಎಲ್ಲಿ ಸಿಕ್ಕರು ಎಂಬುದು ಅದರಲ್ಲಿರಲಿಲ್ಲ. ಗುಂಪಿನಲ್ಲಿ ಒಂದು ದಿನ ಸದ್ದಡಗಿತ್ತು. ಮರುದಿನ ಕೆಲವರು, ಇದರ ಹಿಂದೆ ಇನ್ನೂ ಏನೋ ಇದೆ ಎಂದು ಶುರುಮಾಡಿದರು. ಮಂಡಕ್ಕಿಯ ಮಾತು ಯಾರಿಗೂ ನೆನಪಿರಲಿಲ್ಲ. ಮೀನಾಕ್ಷಿಯ ಬೆರಳು ತುಡಿಯುತ್ತಿತ್ತು, ಆದರೆ ಬರೆಯಲಿಲ್ಲ.

ಆ ಭಾನುವಾರ ಅವಳು ಒಬ್ಬಳೇ ಹರಿಹರದ ಬಸ್ಸು ಹತ್ತಿದಳು. ತಿಮ್ಮವ್ವನ ಮನೆ ಹುಡುಕಿ, ಹೊಸ್ತಿಲಲ್ಲಿ ನಿಂತು, ನಿಮ್ಮ ಮಗನ ಫೋಟೋ ಹಂಚಿದವರಲ್ಲಿ ನಾನೂ ಒಬ್ಬಳು, ತಪ್ಪಾಯಿತು ಎಂದಳು. ತಿಮ್ಮವ್ವ ಬೈಯುತ್ತಾಳೆ ಎಂದುಕೊಂಡಿದ್ದಳು; ಬೈದಳು ಕೂಡ, ಕಾಲು ಗಂಟೆ. ಒಳಗಿದ್ದ ಚೌಡೇಶ್ ಹೊರಗೆ ಬಂದು, “ಸಾಕು ಬಿಡವ್ವ, ಬಂದು ಹೇಳಿದಾಕಿ ಈಕಿ ಒಬ್ಬಾಕಿನೇ” ಎಂದ ಮೇಲೆ ಚಹಾ ಬಂತು.

“ನಮ್ಮ ಊರಿನ ಹದಿನಾಲ್ಕು ಸಾವಿರ ಜನಕ್ಕ ನಾನು ಕೊಲೆಗಾರ ಅಲ್ಲ ಅಂತ ಯಾರು ಹೇಳೋರು?” ಎಂದು ಅವನು ಕೇಳಿದ.

ಮೀನಾಕ್ಷಿ ಅಲ್ಲಿಂದ ನೇರ ರಾಜಕುಮಾರನ ಅಂಗಡಿಗೆ ಹೋದಳು. ಅವನು ಮೊದಲು ಜಗಳಕ್ಕೇ ನಿಂತ. ನಾನು ಬರೀ ಗುಂಪು ನಡೆಸುವವನು, ಬರೆದವರು ಅವರು ಎಂದ. ಮೀನಾಕ್ಷಿ ಸಂತೆಯ ಆ ವಿಡಿಯೋ ತೆಗೆದು ಕೌಂಟರಿನ ಮೇಲಿಟ್ಟಳು. ಮೆಂತ್ಯದ ಸಿವುಡು ಎತ್ತುತ್ತಿದ್ದ ಮುದುಕಿಯನ್ನು ನೋಡಿ ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ವಾರದೊಳಗೆ ಗುಂಪಿನಿಂದ ಚೌಡೇಶನ ಎಲ್ಲ ಫೋಟೋಗಳೂ ಹೋದವು. ಒಂದು ಕ್ಷಮಾಪಣೆ ಬಂತು, ಕೆಳಗೆ ರಾಜಕುಮಾರನ ಸ್ವಂತ ಹೆಸರು. ಹೆಸರು ಹಿಡಿದು ಯಾರ ಮೇಲೂ ಅನುಮಾನ ಬರೆಯುವಂತಿಲ್ಲ ಎಂಬ ನಿಯಮವೂ ಆಯಿತು. ಐದು ಸಾವಿರ ಜನ ಬೇಸರದಿಂದ ಗುಂಪು ಬಿಟ್ಟರು. ರಾಜಕುಮಾರ್ ತನ್ನ ಬೈಕನ್ನೇ ತಂದು ಚೌಡೇಶನ ಶೆಡ್ಡಿನ ಮುಂದೆ ನಿಲ್ಲಿಸಿ, ಸರ್ವಿಸ್ ಮಾಡಿಕೊಡಿ ಎಂದ. ನಿಧಾನವಾಗಿ ಹಳೆಯ ಗಿರಾಕಿಗಳೂ ಬಂದರು.

ಭಾಗ್ಯಲಕ್ಷ್ಮಿಯ ಕೇಸು ಇನ್ನೂ ನಡೆಯುತ್ತಿದೆ. ತಾರೀಕು ಇದ್ದ ದಿನ ಮೀನಾಕ್ಷಿ ಜೆರಾಕ್ಸ್ ಅಂಗಡಿಯಿಂದ ಎದ್ದು ಬಂದು ಕೋರ್ಟಿನ ಪಡಸಾಲೆಯಲ್ಲಿ ಅವಳ ಪಕ್ಕ ಕೂರುತ್ತಾಳೆ. ಇಮಾಂಬೀ ಈಗ ಅವಳಿಗೆ ಬಾಣಲೆ ಮುಂದಿನ ಕೆಲಸ ಕಲಿಸಿದ್ದಾಳೆ. ಮರಳು ಎಷ್ಟು ಕಾದರೆ ಅಕ್ಕಿ ಅರಳುತ್ತದೆ, ಎಷ್ಟು ಕಾದರೆ ಸೀದುಹೋಗುತ್ತದೆ ಎಂಬ ಅಂದಾಜು ಅವಳ ಕೈಗೆ ಬೇಗ ಹತ್ತಿತು.

ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ, ಭಟ್ಟಿಯ ಮುಂದೆ ಓಬಕ್ಕನ ಹತ್ತಿರ ಬಂದು ನಿಂತ ಹೆಂಗಸೊಬ್ಬಳು ಇಮಾಂಬೀಯ ಭಟ್ಟಿ ಎಲ್ಲಿ ಎಂದು ಕೇಳಿದಳು. ಕೈಯಲ್ಲಿ ಬಟ್ಟೆಯ ಚೀಲ, ಅದರಿಂದ ಹೊಸ ಅಕ್ಕಿಯ ವಾಸನೆ. ಹೆಸರು ಕೊಟ್ರವ್ವ, ಮಲೆಬೆನ್ನೂರು ಕಡೆಯಾಕೆ; ಭಾಗ್ಯಲಕ್ಷ್ಮಿಯ ತಾಯಿ. ಹಿಂದಿನ ತಾರೀಕಿಗೆ ಕೋರ್ಟಿಗೆ ಹೋದ ದಿನ ಮಗಳೇ ಅವಳಿಗೆ ಫೋನು ಮಾಡಿ ಜಾಗ ಹೇಳಿದ್ದಳಂತೆ.

“ಅವ್ರಪ್ಪಗ ಹೇಳದೆ ಬಂದೀನಿ” ಎಂದಳು. “ಆಕಿ ನನ್ನ ಮಾತಾಡಿಸ್ತಾಳೋ ಇಲ್ಲೋ.”

“ಬರ್ರಿ, ನೋಡೋಣ” ಎಂದು ಓಬಕ್ಕ ಕರೆದುಕೊಂಡು ಹೋದಳು.

ಭಾಗ್ಯಲಕ್ಷ್ಮಿ ತಾಯಿಯನ್ನು ನೋಡಿದಳು. ಬಾಣಲೆಯಲ್ಲಿ ಅಕ್ಕಿ ಅರಳುತ್ತಿತ್ತು, ಬಿಟ್ಟು ಬರುವಂತಿರಲಿಲ್ಲ. “ಕೂಡವ್ವ, ಇದೊಂದು ಬಾಣಲಿ ತೆಗೀತೀನಿ” ಎಂದಳು. ಬಾಚಿ ಜರಡಿಗೆ ಹಾಕಿದಾಗ ಆ ಬದಿ ಹಿಡಿಯುವವರು ಇನ್ನೂ ಬಂದಿರಲಿಲ್ಲ, ಓಬಕ್ಕ ಬೇಕೆಂದೇ ಬಾಗಿಲಲ್ಲಿ ನಿಂತಳು. ಕೊಟ್ರವ್ವ ಚೀಲ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಜರಡಿಯ ಆ ತುದಿ ಹಿಡಿದಳು.