ಕೋಶಕ್ಕೆ ಕಾಲು ಬರುವ ಬಗೆ

ಲ್ಯಾಬಿನಿಂದ ಹೊರಗೆ ಬಂದಾಗಲೆಲ್ಲ ನಮ್ಮ ಬಯಾಲಜಿ ಮೇಡಂ ಅವರ ಬಲಗಣ್ಣಿನ ಸುತ್ತ ಮೈಕ್ರೋಸ್ಕೋಪು ಒತ್ತಿದ ದುಂಡನೆಯ ಕೆಂಪು ಗುರುತು ಇರುತ್ತಿತ್ತು. ಕುರುಗೋಡಿನಿಂದ ಬಳ್ಳಾರಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಸಿರುಗುಪ್ಪದ ಕಡೆಯವಳಾದ ನನಗೆ ಕೆಂಚನಗುಡ್ಡದ ಹೊಳೆದಂಡೆಯಿಂದ ಕೊಳೆತೆಲೆಯ ನೀರು ತರಬೇಕೆಂದು ತಾಕೀತು. ಅದರಲ್ಲಿ ಅಮೀಬಾ ಹುಡುಕುವುದು ಅವರ ಹುಚ್ಚು.

ಮೊದಲ ಸಲ ಅಮೀಬಾ ಮೈ ಚಾಚಿ ಮುಂದೆ ಸರಿದದ್ದನ್ನು ಕಂಡು ನಾನು ಬೆದರಿ ಹಿಂದೆ ಸರಿದೆ.

"ಕಾಲಿಲ್ದ ಹೆಂಗ ನಡೀತೈತ್ರಿ ಮೇಡಂ ಇದು?"

"ಕೋಶದ ಹೊರಪೊರಿ ಕೊಬ್ಬಿಂದು. ಅದನ್ನ ಬರೀ ಗ್ವಾಡಿ ಅನ್ಕೋಬ್ಯಾಡ, ಕಟ್ಟಿ ಮ್ಯಾಲೆ ಕುಂತು ಹೋಗೋ ಬರೋರ್ನ ಕರಿಯೋ ಅಜ್ಜಿ ಇದ್ದಂಗ. ಒಳಗ ಕಿಣ್ವಗಳು ಸುಮ್ನ ಅಡ್ಡಾಡ್ಕೋತ ಇರ್ತಾವ. ಕೊಬ್ಬು ಒಂದ್ ಕಡೆ ರಂಜಕದ, ಅಂದ್ರ ಫಾಸ್ಫರಸ್ಸಿನ, ಗುರುತು ಹಚ್ಕೊಂಡು ಕರದ್ರ, ಅಲ್ಲಿಗೆ ಬಂದು ಅಂಟ್ಕೊಂಡು ಕೆಲಸ ಶುರು ಮಾಡ್ತಾವ. ಆ ಕಡಿಗೇ ಕೋಶ ಕಾಲು ಚಾಚ್ತೈತಿ. ಗಾಯ ಮಾಯೋದೂ ಹಿಂಗ. ಅಜ್ಜಿ ತಪ್ಪಿ ಕರದ್ಲು ಅಂದ್ರ, ಕ್ಯಾನ್ಸರ್ ಹಬ್ಬೋದೂ ಹಿಂಗ."

ಮುಂದೆ ನಾನು ಬಳ್ಳಾರಿಯಲ್ಲೇ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್ ಆದೆ. ಕಳೆದ ವರ್ಷ ಆಪರೇಷನ್ ಮಾಡಿ ಮೇಡಂ ಅವರ ಎದೆಯ ಕ್ಯಾನ್ಸರ್ ಗಡ್ಡೆ ತೆಗೆದರು. ಕಂಕುಳ ಗಂಟಿನ ತುಂಡು ಪರೀಕ್ಷೆಗೆ ನಮ್ಮಲ್ಲಿಗೇ ಬಂತು. ಎದೆಯ ಕೋಶಗಳು ಅಲ್ಲಿಯವರೆಗೂ ನಡೆದು ಬಂದಿದ್ದರೆ ರೋಗ ಹಬ್ಬಿದಂತೆಯೇ. ಸ್ಲೈಡಿಗೆ ಬಣ್ಣ ಹಾಕುವಾಗ ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಆಮೇಲೆ ನೋಡಿದೆ. ಬಂದಿದ್ದವು.

ರಿಪೋರ್ಟು ಬರೆಯುವ ಡಾಕ್ಟರು ಬರುವ ಮೊದಲೇ ಮೇಡಂ ಬಂದು ಬಾಗಿಲಲ್ಲಿ ನಿಂತರು.

"ನಡದು ಬಂದಾವೇನು?"

"ಏನಿಲ್ರಿ ಮೇಡಂ, ಎಲ್ಲಾ ಕ್ಲೀನ್ ಐತಿ," ಎಂದುಬಿಟ್ಟೆ. ಅವರ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ, ಅದಕ್ಕೇ ಹೇಳಿದ ಸುಳ್ಳು ಅದು.

ಅವರು ಒಳಗೆ ಬಂದರು. ನಾನು ಬೇಡವೆನ್ನುವಷ್ಟರಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಹೊರಗೆ ಯಾರೋ ರಿಪೋರ್ಟಿಗಾಗಿ ಜಗಳವಾಡುತ್ತಿದ್ದರು.

"ಬಣ್ಣ ಚಂದ ಹಿಡಿದೈತಿ," ಎಂದರು. "ಆದ್ರ ಪ್ರಾಕ್ಟಿಕಲ್‌ದಾಗ ಈ ಉತ್ತರ ಹೇಳಿದ್ರ ನಿನಗ ಸೊನ್ನಿ ಕೊಡ್ತಿದ್ದೆ."

ನಾನು ಅತ್ತುಬಿಟ್ಟೆ. ಅವರು ನನ್ನ ಕೈ ಹಿಡಿದರು.

"ನನಗ ಭಾಳ ಹೆದರಿಕಿ ಆಗಾಕತ್ತೈತಿ ಹುಡುಗಿ. ಡಾಕ್ಟ್ರು ಬರೋತನ ಬಾಜೂಕ ಕುಂಡ್ರು."

ಕುಳಿತೆ. ಮುಂದಿನ ಯುಗಾದಿಗೆ ಅವರಿರಲಿಲ್ಲ.

ಈಗಲೂ ರಿಪೋರ್ಟ್ ಕೊಡುವ ಕಿಟಕಿಯಲ್ಲಿ ಯಾರಾದರೂ "ಏನ್ ಬಂದೈತ್ರಿ?" ಎಂದರೆ ನಾನು ಏನಿಲ್ಲ ಎನ್ನುವುದಿಲ್ಲ. ಡಾಕ್ಟರು ಹೇಳುತ್ತಾರೆಂದು ಹೇಳಿ, ಗ್ಲೌಸ್ ಕಳಚಿ, ಹೊರಗೆ ಹೋಗಿ ಅವರ ಪಕ್ಕದಲ್ಲಿ ಕೂರುತ್ತೇನೆ.